ಬೆಟ್ಟದ ಮೇಲೊಂದು ಇರುಳು

ಪೂಜಾವರ್ಷದ ಕೊನೆಯ ಭಾನುವಾರ ನಾವು ಕ್ರಿಸ್ತರಾಜರ ಹಬ್ಬವನ್ನು ಆಚರಿಸುತ್ತೇವೆ. 1925ರಲ್ಲಿ ಈ ಹಬ್ಬವನ್ನು ಧರ್ಮಸಭೆಗೆ ಕೊಟ್ಟವರು ಜಗದ್ಗುರು ಹನ್ನೊಂದನೇ ಪಯಸ್. ಲಿಸ್ಯೂವಿನ ತೆರೇಸಮ್ಮನವರನ್ನು ಅದೇ ವರ್ಷ ಸಂತಪದವಿಗೇರಿಸಿದವರೂ ಅವರೇ. ಆದರೆ ಇವರು ಹಗ್ಗ, ಹಿಮಗೊಡಲಿ ಹಿಡಿದು ಯುರೋಪಿನ ಅತಿ ಎತ್ತರದ ಶಿಖರಗಳನ್ನು ಹತ್ತಿದವರು, ಕೊರೆಯುವ ಚಳಿಯಲ್ಲಿ ಬಂಡೆಯ ಮೇಲೆ ನಿಂತು ಇರುಳು ಕಳೆದವರು ಎಂಬುದು ನಿಮಗೆ ಗೊತ್ತೇ?

ಅವರ ಹುಟ್ಟುಹೆಸರು ಅಕಿಲ್ಲೆ ರಾತ್ತಿ. 1857ರ ಮೇ 31ರಂದು ಇಟಲಿಯ ಮಿಲಾನ್ ನಗರದ ಬಳಿಯ ದೇಸಿಯೋ ಊರಿನಲ್ಲಿ ಜನಿಸಿದರು. ತಂದೆ ರೇಷ್ಮೆ ಕಾರ್ಖಾನೆಯೊಂದರ ಮೇಲ್ವಿಚಾರಕರು. 1879ರಲ್ಲಿ ಗುರುದೀಕ್ಷೆ ಪಡೆದ ಅಕಿಲ್ಲೆ ಕೆಲವು ವರ್ಷ ಗುರುಮಠದಲ್ಲಿ ಪಾಠ ಹೇಳಿ, 1888ರಲ್ಲಿ ಮಿಲಾನಿನ ಪ್ರಖ್ಯಾತ ಅಂಬ್ರೋಸಿಯನ್ ಗ್ರಂಥಾಲಯವನ್ನು ಸೇರಿದರು. ವರ್ಷವಿಡೀ ಹಳೆಯ ಹಸ್ತಪ್ರತಿಗಳ ನಡುವೆ ಕೆಲಸ. ಬೇಸಿಗೆಯ ಬಿಡುವಿನಲ್ಲಿ ಆಲ್ಪ್ಸ್ ಪರ್ವತ. ಇದು ಆ ಯುವ ಗುರುವಿನ ಬದುಕಾಗಿತ್ತು.

1889ರ ಜುಲೈ ತಿಂಗಳ ಕೊನೆಗೆ ಅವರೂ ಅವರ ಗೆಳೆಯ ಗುರು ಲುಯಿಜಿ ಗ್ರಸ್ಸೆಲ್ಲಿ ಅವರೂ ಮಾಂಟೆ ರೋಸಾ ಪರ್ವತ ಏರಲು ಹೊರಟರು. ಜೊತೆಗೆ ಗಾದಿನ್ ಮತ್ತು ಪ್ರೊಮೆಂಟ್ ಎಂಬ ಇಬ್ಬರು ನುರಿತ ಮಾರ್ಗದರ್ಶಿಗಳು. ಆರಿಸಿಕೊಂಡದ್ದು ಪೂರ್ವದ ಮುಖ, ಅತ್ಯಂತ ಕಠಿಣವಾದ ದಾರಿ. ಎಂಟು ವರ್ಷಗಳ ಹಿಂದೆ, 1881ರಲ್ಲಿ, ಅದೇ ದಾರಿಯ ಹಿಮದ ಕೊರಕಲಿನಲ್ಲಿ ಮರಿನೆಲ್ಲಿ ಎಂಬ ಪರ್ವತಾರೋಹಿಯೂ ಅವರ ಇಬ್ಬರು ಮಾರ್ಗದರ್ಶಿಗಳೂ ಹಿಮಪಾತಕ್ಕೆ ಸಿಕ್ಕಿ ಸತ್ತಿದ್ದರು. ಈ ನಾಲ್ವರು ಮೊದಲ ರಾತ್ರಿ ತಂಗಿದ್ದು ಆ ಮೃತನ ಹೆಸರಿನಲ್ಲಿ ಕಟ್ಟಿದ, 3036 ಮೀಟರ್ ಎತ್ತರದ ಗುಡಿಸಲಿನಲ್ಲಿ. ಮುಂದಿನ ಅಪಾಯ ಏನೆಂದು ಅವರಿಗೆ ಚೆನ್ನಾಗಿ ತಿಳಿದಿತ್ತು.

ಆದ್ದರಿಂದಲೇ ಅವರು ನಡುರಾತ್ರಿ ಕಳೆಯುತ್ತಿದ್ದಂತೆ ಎದ್ದು ಹೊರಟರು. ಬಿಸಿಲು ಬಿದ್ದರೆ ಹಿಮ ಸಡಿಲಾಗಿ ಕಲ್ಲು, ಮಂಜು ಎಲ್ಲವೂ ಕೆಳಗೆ ಉರುಳುತ್ತವೆ. ಹಿಮ ಗಟ್ಟಿಯಾಗಿರುವಾಗಲೇ ಆ ಕೊರಕಲನ್ನು ದಾಟಬೇಕು. ನಾಲ್ವರೂ ಒಂದೇ ಹಗ್ಗ ಕಟ್ಟಿಕೊಂಡು, ಗಟ್ಟಿ ಹಿಮದಲ್ಲಿ ಒಂದೊಂದೇ ಮೆಟ್ಟಿಲು ಕಡಿಯುತ್ತಾ ಹಗಲಿಡೀ ಏರಿದರು. ಶಿಖರದ ಅಂಚಿಗೆ ತಲುಪುವಷ್ಟರಲ್ಲಿ ಸಂಜೆಯಾಗಿತ್ತು. ಕತ್ತಲಲ್ಲಿ ಮುಂದೆ ನಡೆದರೆ ಒಂದು ತಪ್ಪು ಹೆಜ್ಜೆ ಸಾಕು, ನಾಲ್ವರೂ ಪಾತಾಳಕ್ಕೆ. ಹಿಂದಕ್ಕೆ ಇಳಿಯುವಂತೆಯೂ ಇರಲಿಲ್ಲ.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಅವರು ಅಲ್ಲೇ ನಿಂತುಬಿಟ್ಟರು. ಸುಮಾರು 4600 ಮೀಟರ್ ಎತ್ತರದಲ್ಲಿ, ಕಾಲೂರಲು ಮಾತ್ರ ಜಾಗವಿದ್ದ ಒಂದು ಬಂಡೆಯ ಚಾಚಿನ ಮೇಲೆ ಬೆಳಗಾಗುವುದನ್ನು ಕಾದರು. ತಂದಿದ್ದ ಕಾಫಿ ಹೆಪ್ಪುಗಟ್ಟಿತ್ತು. ಒಂದಿಷ್ಟು ಚಾಕಲೇಟು ಮಾತ್ರ ತಿನ್ನುವಂತಿತ್ತು. ನಿದ್ದೆ ಬಂದರೆ ಸಾವು ಎಂದು ಅರಿತು, ಕಾಲು ಬಡಿಯುತ್ತಾ, ಒಬ್ಬರನ್ನೊಬ್ಬರು ಎಚ್ಚರವಾಗಿಡುತ್ತಾ ರಾತ್ರಿ ದೂಡಿದರು. ಕೆಳಗೆಲ್ಲೋ ಭಾರಿ ಹಿಮರಾಶಿ ಗುಡುಗಿನಂತೆ ಉರುಳಿದ್ದು ಕೇಳಿಸಿತು. ತಲೆಯ ಮೇಲೆ ನಕ್ಷತ್ರಗಳು ತುಂಬಿದ್ದವು. ಆ ಗಂಭೀರ ಮೌನದಲ್ಲಿ ತಾವು ಸೃಷ್ಟಿಕರ್ತರ ಸನ್ನಿಧಿಯಲ್ಲಿದ್ದೇವೆ ಎಂಬ ಅನುಭವ ತಮಗಾಯಿತೆಂದು ಅಕಿಲ್ಲೆಯವರು ಮುಂದೆ ಬರೆದಿಟ್ಟರು.

ಬೆಳಗಾಯಿತು. 4634 ಮೀಟರ್ ಎತ್ತರದ ಡುಫೂರ್ ಶಿಖರವನ್ನು ಮುಟ್ಟಿ, ಅಲ್ಲಿಯವರೆಗೆ ಯಾರೂ ದಾಟದಿದ್ದ ಜುಮ್‌ಸ್ಟೈನ್ ಕಣಿವೆದಾರಿಯ ಮೂಲಕ ಸ್ವಿಟ್ಜರ್‌ಲೆಂಡಿನ ಕಡೆಗೆ ಇಳಿದರು. ಇಳಿಯುವಾಗ ಮತ್ತೆ ಕತ್ತಲಾಯಿತು. ಮತ್ತೊಂದು ರಾತ್ರಿ ಬಯಲಿನಲ್ಲೇ ಕಳೆಯಿತು. ಮರುದಿನ ಝೆರ್ಮಾಟ್ ಊರನ್ನು ಸೇರಿದಾಗ ನಾಲ್ವರೂ ಕ್ಷೇಮವಾಗಿದ್ದರು. ಮುಂದಿನ ವರ್ಷ, 1890ರಲ್ಲಿ, ಮಾಂಟ್ ಬ್ಲಾಂಕ್ ಶಿಖರವನ್ನೇರಿ ಇಟಲಿಯ ಕಡೆಗೆ ಹೊಸದೊಂದು ದಾರಿಯಲ್ಲಿ ಇಳಿದು ಬಂದರು.

ಆಮೇಲಿನ ಅವರ ಜೀವನವನ್ನು ನೋಡಿದರೆ ಬಂಡೆಯ ಮೇಲಿನ ಆ ರಾತ್ರಿಯೇ ಮತ್ತೆ ಮತ್ತೆ ನೆನಪಾಗುತ್ತದೆ. ಮೊದಲ ಮಹಾಯುದ್ಧದ ನಂತರ ಅವರು ಪೋಲೆಂಡಿನಲ್ಲಿ ಜಗದ್ಗುರುಗಳ ಪ್ರತಿನಿಧಿಯಾಗಿದ್ದರು. 1920ರ ಆಗಸ್ಟ್‌ನಲ್ಲಿ ಸೋವಿಯತ್ ಸೇನೆ ವಾರ್ಸಾ ನಗರದ ಹೊಸ್ತಿಲಿಗೆ ಬಂದಾಗ ವಿದೇಶಿ ರಾಯಭಾರಿಗಳಲ್ಲಿ ಬಹುತೇಕರು ಊರು ಬಿಟ್ಟರು. ಇವರು ಜನರ ಜೊತೆ ಉಳಿದರು. 1921ರಲ್ಲಿ ಮಿಲಾನಿನ ಮಹಾಧರ್ಮಾಧ್ಯಕ್ಷರಾದರು, 1922ರ ಫೆಬ್ರವರಿ 6ರಂದು ಜಗದ್ಗುರುಗಳಾದರು.

ಬೆಟ್ಟವನ್ನು ಪ್ರೀತಿಸಿದ ಆ ವ್ಯಕ್ತಿಗೆ ಮುಂದೆ ದೊರೆತದ್ದು ವ್ಯಾಟಿಕನ್ನಿನ ಗೋಡೆಗಳು. 1870ರಲ್ಲಿ ಇಟಲಿ ಸರ್ಕಾರ ರೋಮ್ ನಗರವನ್ನು ವಶಪಡಿಸಿಕೊಂಡಂದಿನಿಂದ ಜಗದ್ಗುರುಗಳು ವ್ಯಾಟಿಕನ್ ಬಿಟ್ಟು ಹೊರಬರುತ್ತಿರಲಿಲ್ಲ. 1929ರಲ್ಲಿ ಒಪ್ಪಂದವಾಗುವ ತನಕ ಇವರೂ ಒಳಗೇ ಉಳಿದರು. ಆದರೂ ಬೆಟ್ಟವನ್ನು ಮರೆಯಲಿಲ್ಲ. ಆಲ್ಪ್ಸ್ ಕಣಿವೆದಾರಿಯಲ್ಲಿ ಯಾತ್ರಿಕರಿಗಾಗಿ ಆಶ್ರಯಧಾಮ ಕಟ್ಟಿದ ಸಂತ ಬರ್ನಾರ್ಡರನ್ನು 1923ರಲ್ಲಿ ಪರ್ವತಾರೋಹಿಗಳ ಪಾಲಕ ಸಂತರೆಂದು ಸಾರಿದರು. ವಿವೇಕದಿಂದ ಬೆಟ್ಟ ಏರುವುದು ದೇಹಕ್ಕೂ ಆತ್ಮಕ್ಕೂ ಒಳ್ಳೆಯದು, ದುಡುಕು ಮಾತ್ರ ಸಲ್ಲದು ಎಂಬುದು ಅವರ ನಿಲುವು.

ಅವರ ಅತಿ ಕಠಿಣ ಏರು ಕೊನೆಯ ವರ್ಷಗಳಲ್ಲಿ ಎದುರಾಯಿತು. 1933ರಲ್ಲಿ ಜರ್ಮನಿಯ ಹಿಟ್ಲರ್ ಸರ್ಕಾರದೊಂದಿಗೆ ವ್ಯಾಟಿಕನ್ ಒಪ್ಪಂದ ಮಾಡಿಕೊಂಡಿತು. ಈ ಹೆಜ್ಜೆ ಸರಿಯೇ ಎಂದು ಇಂದಿಗೂ ಪ್ರಶ್ನಿಸುವವರಿದ್ದಾರೆ. ಆ ಸರ್ಕಾರ ಒಪ್ಪಂದವನ್ನು ಮೇಲಿಂದ ಮೇಲೆ ಮುರಿಯಿತು. ಇನ್ನೂ ಕಾಯುವುದು ವಿವೇಕವೋ ಭಯವೋ? ವಯಸ್ಸು ಎಂಬತ್ತರ ಹತ್ತಿರ, ಕಾಯಿಲೆ ಬೇರೆ. ಆದರೂ ಅವರು ಜರ್ಮನ್ ಭಾಷೆಯಲ್ಲೇ ಒಂದು ವಿಶ್ವಪತ್ರ ಹೊರಡಿಸಿದರು. ಕುಲವನ್ನೋ ರಾಷ್ಟ್ರವನ್ನೋ ದೇವರ ಸ್ಥಾನದಲ್ಲಿ ಕೂರಿಸುವುದು ವಿಗ್ರಹಾರಾಧನೆ ಎಂದು ಅದರಲ್ಲಿ ಸಾರಿದರು. ಗುಟ್ಟಾಗಿ ಅಚ್ಚಾಗಿ, ಗುಟ್ಟಾಗಿ ಹಂಚಿಕೆಯಾದ ಆ ಪತ್ರವನ್ನು 1937ರ ಮಾರ್ಚ್ 21ರ ಗರಿಗಳ ಭಾನುವಾರ ಜರ್ಮನಿಯ ದೇವಾಲಯಗಳಲ್ಲಿ ಓದಲಾಯಿತು. ಅದನ್ನು ಅಚ್ಚು ಹಾಕಿದ ಮುದ್ರಣಾಲಯಗಳು ಮುಟ್ಟುಗೋಲಾದವು. 1939ರ ಫೆಬ್ರವರಿ 10ರಂದು, ಮರುದಿನ ಧರ್ಮಾಧ್ಯಕ್ಷರಿಗೆ ಮಾಡಬೇಕಿದ್ದ ಭಾಷಣವನ್ನು ಸಿದ್ಧವಾಗಿಟ್ಟುಕೊಂಡೇ ಅವರು ಕಣ್ಣುಮುಚ್ಚಿದರು.

ಪ್ರಿಯ ಓದುಗರೇ, ನಮ್ಮಲ್ಲಿ ಹೆಚ್ಚಿನವರು ಹಿಮದ ಬೆಟ್ಟ ಏರುವವರಲ್ಲ. ಆದರೆ ನಿಮ್ಮ ಮನೆಯಲ್ಲೂ ಅಂಥ ಇರುಳು ಬಂದಿರಬಹುದು. ಆಸ್ಪತ್ರೆಯಲ್ಲಿ ಮಲಗಿದ ತಾಯಿ, ತೀರದ ಸಾಲ, ಮನೆ ಬಿಟ್ಟು ಹೋದ ಮಗ. ಮುಂದೆ ಹೋಗಲೂ ಹಿಂದಕ್ಕೆ ಬರಲೂ ದಾರಿ ಕಾಣದು. ಆಗ ದುಡುಕಬೇಡಿ. ನಿಂತಲ್ಲೇ ಗಟ್ಟಿಯಾಗಿ ನಿಲ್ಲಿ. ಜೊತೆಗಿರುವವರನ್ನು ಎಚ್ಚರವಾಗಿಡಿ, ಅವರೂ ನಿಮ್ಮನ್ನು ಎಚ್ಚರವಾಗಿಡಲಿ. ಒಂದೇ ಹಗ್ಗಕ್ಕೆ ಕಟ್ಟಿಕೊಂಡವರು ಒಬ್ಬರನ್ನೊಬ್ಬರು ಬಿಡುವುದಿಲ್ಲ. ಕುಟುಂಬವೆಂದರೆ ಅದೇ ಅಲ್ಲವೇ? ಬೆಳಕು ಹರಿದ ಮೇಲೆ ಮಾತ್ರ ಕುಳಿತಿರಬೇಡಿ. ಎದ್ದು, ನಡೆಯಬೇಕಾದ ದಾರಿಯನ್ನು ನಡೆಯಿರಿ, ಆಡಬೇಕಾದ ಮಾತನ್ನು ಆಡಿರಿ. ಆ ರಾತ್ರಿ ಬಂಡೆಯ ಮೇಲೆ ನಾಲ್ವರನ್ನು ಕಾಯ್ದ ದೇವರು ನಿಮ್ಮನ್ನೂ ಕಾಯುತ್ತಾರೆ.