ಜಡೆಯನ್ನು ಅಕ್ಷರಗಳಲ್ಲಿ ಬರೆದ ಎಮಿಲ್ ಆರ್ಟಿನ್

ಮೂರೆಳೆಯ ಜಡೆಯೊಂದನ್ನು ಚಿತ್ರವಿಲ್ಲದೆ ಒಂದೇ ಸಾಲಿನ ಬರಹದಲ್ಲಿ ತಿಳಿಸಬಹುದೆ? ಬಹುದೆಂದು ತೋರಿಸಿಕೊಟ್ಟವರು ಇಪ್ಪತ್ತನೆಯ ಶತಮಾನದ ಅಗ್ರಮಾನ್ಯ ಗಣಿತಜ್ಞರಲ್ಲಿ ಒಬ್ಬರಾದ ಎಮಿಲ್ ಆರ್ಟಿನ್.

1898ರ ಮಾರ್ಚ್ 3ರಂದು ವಿಯೆನ್ನಾದಲ್ಲಿ ಜನಿಸಿದ ಆರ್ಟಿನ್ ಬೆಳೆದದ್ದು ಬೊಹೀಮಿಯಾದಲ್ಲಿ. ಮೊದಲ ಮಹಾಯುದ್ಧದಲ್ಲಿ ಆಸ್ಟ್ರಿಯಾದ ಸೇನೆಯಲ್ಲಿದ್ದ ಅವರು 1921ರಲ್ಲಿ ಲೈಪ್‌ಜಿಗ್‌ನಲ್ಲಿ ಡಾಕ್ಟರೇಟ್ ಪಡೆದರು. 1926ರಲ್ಲಿ, ಕೇವಲ 28ನೆಯ ವಯಸ್ಸಿನಲ್ಲಿ, ಹ್ಯಾಂಬರ್ಗ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು.

ಜಡೆಗಳನ್ನು ಕುರಿತ ಅವರ ಪ್ರಬಂಧ 1925ರದು. ಅಕ್ಕಪಕ್ಕದ ಎರಡು ಎಳೆಗಳು ಅಡ್ಡಹಾಯುವ ಪ್ರತಿಯೊಂದು ಕಡೆಗೂ ಅವರು ಒಂದು ಚಿಹ್ನೆ ಕೊಟ್ಟರು. ಮೊದಲೆರಡು ಸ್ಥಾನಗಳ ಎಳೆಗಳು ಅಡ್ಡಹಾಯ್ದರೆ ಸಿಗ್ಮಾ ಒಂದು. ಎರಡನೆಯ ಮತ್ತು ಮೂರನೆಯ ಸ್ಥಾನದವು ಹಾಯ್ದರೆ ಸಿಗ್ಮಾ ಎರಡು. ಮೇಲೆ ಹೋಗಬೇಕಾದ ಎಳೆ ಕೆಳಗೆ ಹೋದರೆ ಅದರ ವಿಲೋಮ. ಸಿಗ್ಮಾ ಒಂದು, ಅದರ ಬೆನ್ನಿಗೆ ಸಿಗ್ಮಾ ಎರಡರ ವಿಲೋಮ: ಇಷ್ಟನ್ನೇ ಮತ್ತೆ ಮತ್ತೆ ಬರೆದರೆ ಮನೆಗಳಲ್ಲಿ ನಿತ್ಯ ಹೆಣೆಯುವ ಜಡೆಯೇ ಆಯಿತು. ನೋಟಕ್ಕೆ ಬೇರೆಯಾಗಿರುವ ಎರಡು ಜಡೆಗಳು ವಾಸ್ತವದಲ್ಲಿ ಒಂದೆಯೋ ಅಲ್ಲವೋ ಎಂಬುದನ್ನು ನಿರ್ಣಯಿಸುವ ಮಾರ್ಗವನ್ನೂ ಅವರು ಕೊಟ್ಟರು. ಯಾವುದೇ ಗಂಟನ್ನು ಜಡೆಯೊಂದರ ತುದಿಗಳನ್ನು ಕೂಡಿಸಿ ಪಡೆಯಬಹುದೆಂದು ಅಮೆರಿಕದ ಜೇಮ್ಸ್ ಅಲೆಕ್ಸಾಂಡರ್ 1923ರಲ್ಲೇ ತೋರಿಸಿದ್ದರಿಂದ, ಗಂಟುಗಳ ಅಧ್ಯಯನಕ್ಕೂ ಈ ಬರಹ ಒದಗಿಬಂತು.

ಆದರೆ ಹ್ಯಾಂಬರ್ಗ್‌ನ ನೆಮ್ಮದಿ ಉಳಿಯಲಿಲ್ಲ. ಪತ್ನಿ ನಟಾಶಾ ಅವರ ತಂದೆ ಯಹೂದಿ ಮೂಲದವರೆಂಬ ಕಾರಣಕ್ಕೆ ನಾಜಿ ಆಡಳಿತವು 1937ರಲ್ಲಿ ಆರ್ಟಿನ್ನರನ್ನು ಹುದ್ದೆಯಿಂದ ತೆಗೆಯಿತು. ಪತ್ನಿ ಹಾಗೂ ಇಬ್ಬರು ಎಳೆಯ ಮಕ್ಕಳೊಂದಿಗೆ ಅವರು ಅದೇ ವರ್ಷ ಅಮೆರಿಕಕ್ಕೆ ತೆರಳಿದರು. ನೋಟರ್‌ಡೇಮ್, ಇಂಡಿಯಾನಾ, ಬಳಿಕ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಗಳಲ್ಲಿ ಬೋಧಿಸಿದರು. ಹಳೆಯ ಪ್ರಬಂಧದ ಸಾಧನೆಗಳು ಬಹುಮಟ್ಟಿಗೆ ಚಿತ್ರದ ಅರಿವನ್ನೇ ಆಧರಿಸಿದ್ದವು. ಅವುಗಳಿಗೆ ಕಟ್ಟುನಿಟ್ಟಾದ ತಳಹದಿಯನ್ನು ಒದಗಿಸಿ, 1947ರಲ್ಲಿ ಹೊಸ ಪ್ರಬಂಧವನ್ನೇ ಪ್ರಕಟಿಸಿದರು. ದೇಶ ಬಿಟ್ಟವರ ಕೈಯಲ್ಲಿ ಕೆಲಸ ಮಾತ್ರ ಬಿಟ್ಟುಹೋಗಿರಲಿಲ್ಲ. 1958ರಲ್ಲಿ ಹ್ಯಾಂಬರ್ಗ್‌ಗೆ ಮರಳಿದ ಆರ್ಟಿನ್ 1962ರ ಡಿಸೆಂಬರ್ 20ರಂದು ಅಲ್ಲಿಯೇ ನಿಧನರಾದರು.

1978ರಲ್ಲಿ ಡೊನಾಲ್ಡ್ ಕ್ನೂತ್ ಗಣಿತದ ಅಕ್ಷರಜೋಡಣೆಗೆಂದು ಟೆಕ್ ತಂತ್ರಾಂಶವನ್ನು ಹೊರತಂದರು. ಅದರ ಮೇಲೆ ಬೆಳೆದ ಲೇಟೆಕ್‌ನಲ್ಲಿ ಇಂದು ಜಡೆಯ ಚಿತ್ರ ಬೇಕಾದವರು ರೇಖೆಗಳನ್ನು ಎಳೆಯಬೇಕಿಲ್ಲ. ಆರ್ಟಿನ್ ಕಲಿಸಿದ ಕ್ರಮದಲ್ಲಿ ಚಿಹ್ನೆಗಳ ಸಾಲನ್ನು ಬೆರಳಚ್ಚಿಸಿದರೆ ಸಾಕು; ಕೆಳಗೆ ಹಾಯುವ ಎಳೆಯನ್ನು ತಕ್ಕ ಜಾಗದಲ್ಲಿ ತುಂಡರಿಸಿ ಕಂಪ್ಯೂಟರೇ ಜಡೆಯನ್ನು ಬಿಡಿಸುತ್ತದೆ. ಚಿತ್ರವನ್ನು ಅಕ್ಷರಕ್ಕಿಳಿಸಿದ ಆರ್ಟಿನ್ನರ ಬರಹವೇ ಈಗ ಅಕ್ಷರದಿಂದ ಚಿತ್ರವನ್ನು ಮೂಡಿಸುತ್ತಿದೆ.