ಸಮರಧುರಂಧರ, ಸದ್ಗೃಹಸ್ಥ ಶ್ರೀ ಚಾವುಂಡರಾಯ

ಜಿನಬಿಂಬ ಪ್ರತಿಷ್ಠೆಯ ಮಾತು ಬಂದಾಗಲೆಲ್ಲ ಕನ್ನಡ ನಾಡಿನ ಶ್ರಾವಕರ ನಾಲಿಗೆಯ ಮೇಲೆ ಮೊದಲು ನಿಲ್ಲುವ ಹೆಸರು ಶ್ರೀ ಚಾವುಂಡರಾಯನದು. ವಿಂಧ್ಯಗಿರಿಯ ಮೇಲೆ 58 ಅಡಿ ಎತ್ತರದ ಶ್ರೀ ಬಾಹುಬಲಿ ಸ್ವಾಮಿಯನ್ನು ಮಾಡಿಸಿದ ಪುಣ್ಯಾತ್ಮನೆಂದು ಅವನನ್ನು ಎಲ್ಲರೂ ಬಲ್ಲರು. ಅವನು ಹಲವು ಯುದ್ಧಗಳನ್ನು ಗೆದ್ದ ಯೋಧನೂ ತಾಯಿ, ಮಡದಿ, ಮಗನೊಡನೆ ಬಾಳಿದ ಸಂಸಾರಿಯೂ ಆಗಿದ್ದನೆಂಬುದನ್ನು ಇಂಥ ಶುಭಸಂದರ್ಭದಲ್ಲಿ ಸ್ಮರಿಸುವುದು ಉಚಿತವಾಗಿದೆ.

ಬ್ರಹ್ಮಕ್ಷತ್ರ ಕುಲದಲ್ಲಿ ಜನಿಸಿದ ಚಾವುಂಡರಾಯನು ತಲಕಾಡಿನ ಗಂಗರಸರಾದ ಮಾರಸಿಂಹ ಹಾಗೂ ರಾಚಮಲ್ಲರಿಗೆ ಮಂತ್ರಿಯೂ ದಂಡನಾಯಕನೂ ಆಗಿದ್ದನು. ಖೇಡಗದ ಯುದ್ಧದಲ್ಲಿ ವಜ್ವಲದೇವನನ್ನು ಸೋಲಿಸಿ ಸಮರಧುರಂಧರನೆಂದೂ, ಗೋನೂರಿನ ಬಯಲಿನಲ್ಲಿ ನೊಳಂಬರನ್ನು ಎದುರಿಸಿ ವೀರಮಾರ್ತಾಂಡನೆಂದೂ, ಉಚ್ಚಂಗಿಯ ಕೋಟೆಯ ಕಾಳಗದಲ್ಲಿ ರಣರಂಗಸಿಂಗನೆಂದೂ ಬಿರುದಾಂಕಿತನಾದನು. ಕ್ರಿ.ಶ. 973ರಲ್ಲಿ ರಾಷ್ಟ್ರಕೂಟರ ಸಿಂಹಾಸನವು ಚಾಳುಕ್ಯರ ಪಾಲಾಯಿತು. ಅನಂತರ ಮಾರಸಿಂಹನು ಬಂಕಾಪುರದಲ್ಲಿ ಶ್ರೀ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ವ್ರತದಿಂದ ದೇಹವಿಟ್ಟನು. ಗಂಗರಾಜ್ಯ ಅಲುಗಾಡುತ್ತಿದ್ದ ಆ ಕಾಲದಲ್ಲಿ ರಾಚಮಲ್ಲನ ಬೆಂಬಲಕ್ಕೆ ಕಂಬದಂತೆ ನಿಂತವನು ಚಾವುಂಡರಾಯನೇ.

ಅವನ ಬಿರುದುಗಳಲ್ಲಿ ಒಂದರ ಹಿಂದೆ ಮನೆಯ ದುಃಖವಿದೆ. ಅವನ ತಮ್ಮನಾದ ನಾಗವರ್ಮನನ್ನು ಮುದುರಾಚಯ್ಯನೆಂಬ ವೀರನು ಕೊಂದನು. ಚಾವುಂಡರಾಯನು ಅವನನ್ನು ಸಂಹರಿಸಿ ತಮ್ಮನ ಋಣವನ್ನು ತೀರಿಸಿದನು. ಸಮರಪರಶುರಾಮನೆಂಬ ಹೆಸರು ಬಂದುದು ಅದರಿಂದ. ರಾಜ್ಯರಕ್ಷಣೆಗಾಗಿ ಬರುವ ವಿರೋಧಿ ಹಿಂಸೆಯು ಗೃಹಸ್ಥನಿಗೆ ಅನಿವಾರ್ಯವೆಂದು ನಮ್ಮ ಶಾಸ್ತ್ರಗಳು ಹೇಳುತ್ತವೆ. ಆದರೆ ಒಡಹುಟ್ಟಿದವನನ್ನು ಕಳೆದುಕೊಂಡ ನೋವಿಗೆ ಬಿರುದು ಮದ್ದಾಗಲಾರದು.

ಇಷ್ಟೆಲ್ಲ ಕಾದಾಡಿದರೂ ಅವನ ಮನಸ್ಸು ಬಿರುಸಾಗಲಿಲ್ಲ. ಜನರು ಅವನನ್ನು ಪ್ರೀತಿಯಿಂದ ಅಣ್ಣನೆಂದು ಕರೆದರು. ಅವನಿಗೆ ಸತ್ಯಯುಧಿಷ್ಠಿರನೆಂಬ ಬಿರುದೂ ಇತ್ತು. ಪರಿಹಾಸಕ್ಕಾಗಿಯೂ ಸುಳ್ಳಾಡದವನೆಂಬುದೇ ಅದಕ್ಕೆ ಕಾರಣ. ನಗೆಮಾತಿನ ನಡುವೆ ಚಿಕ್ಕದೊಂದು ಸುಳ್ಳನ್ನು ಸೇರಿಸುವುದು ಲೋಕರೂಢಿ. ಆಪ್ತರೊಡನೆ ವಿನೋದವಾಗಿ ಮಾತನಾಡುವಾಗಲೂ ಸತ್ಯಾಣುವ್ರತವನ್ನು ಕಾಪಾಡಿಕೊಳ್ಳುವುದು ಕೋಟೆ ಗೆಲ್ಲುವುದಕ್ಕಿಂತ ಸುಲಭವಾದ ಕೆಲಸವೇನಲ್ಲ.

ತಾಯಿ ಕಾಳಲದೇವಿ, ಮಡದಿ ಅಜಿತಾದೇವಿ ಎಂದು ಪರಂಪರೆ ಹೇಳುತ್ತದೆ. ಭರತ ಚಕ್ರವರ್ತಿಯು ಪೌದನಪುರದಲ್ಲಿ ಮಾಡಿಸಿದ 525 ಬಿಲ್ಲೆತ್ತರದ ಬಾಹುಬಲಿ ಬಿಂಬದ ವಿಷಯವನ್ನು ಕೇಳಿದ ಆ ತಾಯಿಯು, ದರ್ಶನವಾಗುವವರೆಗೆ ಹಾಲು ಮುಟ್ಟುವುದಿಲ್ಲವೆಂದು ವ್ರತ ತೊಟ್ಟಳಂತೆ. ಮಗನು ರಾಜಕಾರ್ಯದ ನೆಪ ಹೇಳದೆ, ಗುರುಗಳಾದ ಶ್ರೀ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳೊಡನೆ ಪರಿವಾರ ಸಮೇತನಾಗಿ ಹೊರಟನು. ದಾರಿಯಲ್ಲಿ ಬೆಳ್ಗೊಳದಲ್ಲಿ ತಂಗಿದಾಗ ಕೂಷ್ಮಾಂಡಿನೀ ದೇವಿಯು ಕನಸಿನಲ್ಲಿ ಆದೇಶವಿತ್ತುದರಿಂದ, ಚಿಕ್ಕಬೆಟ್ಟದಿಂದ ದೊಡ್ಡಬೆಟ್ಟಕ್ಕೆ ಬಾಣ ಬಿಟ್ಟು ಸ್ವಾಮಿಯ ನೆಲೆಯನ್ನು ಕಂಡುಕೊಂಡನೆಂಬುದು ಪ್ರತೀತಿ.

ಅಣ್ಣನನ್ನು ಗೆದ್ದೂ ಗೆದ್ದುದೆಲ್ಲವನ್ನೂ ಅಣ್ಣನಿಗೇ ಬಿಟ್ಟು ತಪಸ್ಸಿಗೆ ನಿಂತವನು ಬಾಹುಬಲಿ. ತಮ್ಮನಿಗಾಗಿ ಕತ್ತಿ ಹಿಡಿದಿದ್ದ ದಂಡನಾಯಕನು ಆ ತ್ಯಾಗಮೂರ್ತಿಯ ಪಾದದಲ್ಲಿ ತಲೆಬಾಗಿದನು. ಪ್ರತಿಷ್ಠೆಯಾದುದು ಕ್ರಿ.ಶ. 981ರಲ್ಲಿ ಎಂಬ ಗಣನೆಯಂತೆ 1981ರಲ್ಲಿ ಸಹಸ್ರಾಬ್ದಿ ಮಹಾಮಸ್ತಕಾಭಿಷೇಕವು ನಡೆಯಿತು. ಗೊಮ್ಮಟನೆಂಬುದು ಚಾವುಂಡರಾಯನ ಮನೆಯ ಹೆಸರೆಂದೂ, ಅವನ ಆರಾಧ್ಯದೈವವಾದುದರಿಂದ ಸ್ವಾಮಿಯು ಗೊಮ್ಮಟೇಶ್ವರನಾದನೆಂದೂ ವಿದ್ವಾಂಸರು ಹೇಳುತ್ತಾರೆ. ಶ್ರೀ ನೇಮಿಚಂದ್ರರ ಗೊಮ್ಮಟಸಾರವೂ ಈ ಹೆಸರನ್ನೇ ಹೊತ್ತಿದೆ.

ಮೊದಲ ಅಭಿಷೇಕದಲ್ಲಿ ಕೊಡಕೊಡ ಹಾಲು ಸುರಿದರೂ ಅದು ಸ್ವಾಮಿಯ ತೊಡೆಯಿಂದ ಕೆಳಗಿಳಿಯಲಿಲ್ಲವಂತೆ. ಬಡ ಮುದುಕಿಯೊಬ್ಬಳು ಗುಳ್ಳಕಾಯಿಯಷ್ಟು ಹಾಲನ್ನು ತಂದು ಎರೆದಾಗ ಅದು ಪಾದ ಮುಟ್ಟಿ ಬೆಟ್ಟದಿಂದ ಹರಿಯಿತು. ತನ್ನ ಅಹಂಕಾರವನ್ನು ಅರಿತ ಚಾವುಂಡರಾಯನು ಆ ಅಜ್ಜಿಗೆ ಕೈಮುಗಿದನು. ಗುಳ್ಳಕಾಯಜ್ಜಿಯ ಮೂರ್ತಿಯು ಇಂದಿಗೂ ಸ್ವಾಮಿಯ ಎದುರಿನಲ್ಲಿ ನಿಂತಿದೆ. ದಾನವನ್ನು ಅಳೆಯುವ ಅಳತೆಗೋಲು ಯಾವುದೆಂಬುದನ್ನು ಇದಕ್ಕಿಂತ ಚೆನ್ನಾಗಿ ತಿಳಿಸುವ ಪ್ರಸಂಗ ವಿರಳ.

ಖಡ್ಗ ಹಿಡಿದ ಕೈಯೇ ಕಂಠವನ್ನೂ ಹಿಡಿಯಿತು. ಕ್ರಿ.ಶ. 978ರಲ್ಲಿ ಅವನು ರಚಿಸಿದ ತ್ರಿಷಷ್ಟಿಲಕ್ಷಣ ಮಹಾಪುರಾಣವು 63 ಶಲಾಕಾಪುರುಷರ ಚರಿತ್ರೆಯನ್ನು ಕನ್ನಡ ಗದ್ಯದಲ್ಲಿ ಹೇಳುತ್ತದೆ. ಮುದುವೊಳಲಿನಿಂದ ಬಂದ ಬಳೆಗಾರರ ಮನೆಯ ಮಗನಾದ ರನ್ನನಿಗೆ ಆಶ್ರಯವಿತ್ತವನೂ ಇವನೇ. ಆ ಮಹಾಕವಿಯು ಉಪಕಾರವನ್ನು ನೆನೆದು ತನ್ನ ಮಗನಿಗೆ ರಾಯನೆಂದೂ, ಮಗಳಿಗೆ ಮತ್ತೊಬ್ಬ ಆಶ್ರಯದಾತೆಯಾದ ಅತ್ತಿಮಬ್ಬೆಯ ಹೆಸರನ್ನೂ ಇಟ್ಟನು.

ತನ್ನ ಪರಾಕ್ರಮವನ್ನು ಚಾವುಂಡರಾಯನು ತ್ಯಾಗದ ಕಂಬದ ಮೇಲೆ ಕೆತ್ತಿಸಿದ್ದನು. ಸುಮಾರು ಎರಡು ಶತಮಾನಗಳ ತರುವಾಯ ಹೆಗ್ಗಡೆ ಕಣ್ಣನೆಂಬವನು ತನ್ನ ಕಿರುಶಾಸನಕ್ಕಾಗಿ ಅದರ ಮೂರು ಮುಖಗಳನ್ನು ಅಳಿಸಿಹಾಕಿದನೆನ್ನುತ್ತಾರೆ. ಯುದ್ಧದ ಲೆಕ್ಕ ಅಳಿಸಿಹೋಯಿತು, ಧರ್ಮಕಾರ್ಯ ಉಳಿಯಿತು. ಚಂದ್ರಗಿರಿಯಲ್ಲಿ ಅವನ ಹೆಸರಿನ ಬಸದಿಯಿದೆ. ಅದರ ಮೇಲಂತಸ್ತಿನಲ್ಲಿ ಮಗನಾದ ಜಿನದೇವಣನು ಕ್ರಿ.ಶ. 995ರ ಸುಮಾರಿಗೆ ಶ್ರೀ ಪಾರ್ಶ್ವನಾಥ ಸ್ವಾಮಿಯನ್ನು ನೆಲೆಗೊಳಿಸಿದನು. ತಾಯಿಯ ವ್ರತವನ್ನು ಮಗನು ನೆರವೇರಿಸಿದನು, ತಂದೆಯ ಹಾದಿಯಲ್ಲಿ ಅವನ ಮಗನು ನಡೆದನು. ಮನೆಯಲ್ಲಿ ಹೀಗೆ ಧರ್ಮವು ತಲೆಯಿಂದ ತಲೆಗೆ ಹರಿದಾಗಲೇ ಪ್ರತಿಷ್ಠೆಗೊಂಡ ಬಿಂಬಕ್ಕೆ ನಿತ್ಯಪೂಜೆ ನಿಲ್ಲದೆ ಸಲ್ಲುತ್ತದೆ.

ಭದ್ರಂ ಭೂಯಾತ್. ವರ್ಧತಾಂ ಜಿನಶಾಸನಂ.