ಚಾರ್ಲಿ ಕ್ರಿಶ್ಚಿಯನ್

ಜಾಸ್ ವೃಂದದಲ್ಲಿ ಗಿಟಾರು ಒಂದು ಕಾಲಕ್ಕೆ ಕಣ್ಣಿಗೆ ಕಾಣುತ್ತಿತ್ತೇ ಹೊರತು ಕಿವಿಗೆ ಕೇಳುತ್ತಿದ್ದುದು ಅಪರೂಪ. ಕಹಳೆ, ಸ್ಯಾಕ್ಸೋಫೋನುಗಳ ಅಬ್ಬರದ ನಡುವೆ ಲಯಕ್ಕೆ ಒತ್ತುಕೊಡುವುದಷ್ಟೇ ಅದರ ಪಾಲಿನ ಕೆಲಸ. ಈ ಮೂಕವಾದ್ಯಕ್ಕೆ ಮಾತು ಕೊಟ್ಟವರಲ್ಲಿ ಚಾರ್ಲಿ ಕ್ರಿಶ್ಚಿಯನ್ ಪ್ರಮುಖನು.

ಅವನು 1916ರಲ್ಲಿ ಅಮೆರಿಕದ ಟೆಕ್ಸಾಸ್ ಸಂಸ್ಥಾನದಲ್ಲಿ ಜನಿಸಿದನು. ಬೆಳೆದದ್ದು ಒಕ್ಲಹೋಮ ನಗರದಲ್ಲಿ, ಕಡುಬಡತನದಲ್ಲಿ. ತಂದೆ ಅಂಧ ಗಾಯಕ. ಬಾಲಕ ಚಾರ್ಲಿ ಚುಟ್ಟಾ ಪೆಟ್ಟಿಗೆಗಳಿಂದ ಗಿಟಾರು ಕಟ್ಟುತ್ತಿದ್ದನಂತೆ.

1936ರಲ್ಲಿ ಗಿಬ್ಸನ್ ಕಂಪನಿಯು ವಿದ್ಯುತ್ ಗಿಟಾರೊಂದನ್ನೂ ಅದಕ್ಕೆ ಜೊತೆಯಾಗಿ ಕೈಯಲ್ಲಿ ಹಿಡಿದೊಯ್ಯಬಹುದಾದ ಆಂಪ್ಲಿಫೈಯರ್ ಪೆಟ್ಟಿಗೆಯನ್ನೂ ಮಾರಾಟಕ್ಕೆ ತಂದಿತು. ತಂತಿಗಳ ಕೆಳಗಿನ ಅಯಸ್ಕಾಂತವೂ ತಾಮ್ರದ ಸುರುಳಿಯೂ ಕಂಪನವನ್ನು ಕ್ಷೀಣ ವಿದ್ಯುತ್ತಾಗಿ ಮಾರ್ಪಡಿಸುತ್ತವೆ. ಪೆಟ್ಟಿಗೆಯೊಳಗಿನ ವಾಲ್ವುಗಳು ಅದಕ್ಕೆ ಬಲ ತುಂಬಿ ಸ್ಪೀಕರಿಗೆ ಒಪ್ಪಿಸುತ್ತವೆ. ಆಂಪ್ಲಿಫೈಯರಿಗೂ ಸ್ಪೀಕರಿಗೂ ಹೊಂದಿಕೆ ತಪ್ಪಿದರೆ ಶಕ್ತಿ ಪೋಲಾಗುತ್ತದೆ, ನಾದ ಕೆಡುತ್ತದೆ. ಈ ಜೋಡಿ ಚಾರ್ಲಿಯ ಕೈಗೆ ಬಂದಿತು.

1939ರಲ್ಲಿ ಲಾಸ್ ಏಂಜಲೀಸಿಗೆ ಬಂದ ಅವನನ್ನು ಪ್ರಸಿದ್ಧ ಕ್ಲಾರಿನೆಟ್ ವಾದಕ ಬೆನ್ನಿ ಗುಡ್‌ಮನ್ ಮೊದಲು ಲಕ್ಷಿಸಲಿಲ್ಲ. ಅಂದು ರಾತ್ರಿ ವೇದಿಕೆಯಲ್ಲಿ ಗಿಟಾರು ಕ್ಲಾರಿನೆಟ್ಟಿಗೆ ಸರಿಸಮನಾಗಿ ಉಲಿಯಿತು. ಒಂದೇ ರಾಗ ನಲವತ್ತು ನಿಮಿಷ ಮೀರಿ ಸಾಗಿತೆಂದು ಹೇಳುತ್ತಾರೆ. ಉತ್ಪ್ರೇಕ್ಷೆಯೂ ಇದ್ದೀತು, ಚಾರ್ಲಿ ವೃಂದಕ್ಕೆ ಸೇರಿದ್ದಂತೂ ನಿಜ.

ಅಲ್ಲಿನ ಕೆಲಸ ಮುಗಿದ ಮೇಲೂ ಅವನಿಗೆ ದಣಿವಿಲ್ಲ. ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯ ಮಿಂಟನ್ಸ್ ಎಂಬ ಜಾಸ್ ಕ್ಲಬ್ಬಿನಲ್ಲಿ ರಾತ್ರಿಯಿಡೀ ನುಡಿಸುತ್ತಿದ್ದನು. ಅವನಿಗೆಂದೇ ಅಲ್ಲೊಂದು ಆಂಪ್ಲಿಫೈಯರನ್ನು ಕೊಂಡಿರಿಸಿದ್ದರಂತೆ. ಇತ್ತ ಕ್ಷಯರೋಗ ದೇಹವನ್ನು ತಿನ್ನುತ್ತಿತ್ತು. 1942ರ ಮಾರ್ಚ್ 2ರಂದು ಸ್ಟಾಟನ್ ದ್ವೀಪದ ಆರೋಗ್ಯಧಾಮದಲ್ಲಿ ಅವನು ತೀರಿಕೊಂಡನು. ವಯಸ್ಸು 25, ಗುಡ್‌ಮನ್ ವೃಂದವನ್ನು ಸೇರಿ ಮೂರು ವರ್ಷವೂ ತುಂಬಿರಲಿಲ್ಲ.